ಕೆಂಪು ಕುಲಾವಿ

ಬಾಳೂರಲ್ಲಿ ಜೀಪು ನಿಲ್ಲೋ ಜಾಗದ ಎದುರಿಗೇ ಸಮೀಉಲ್ಲಾ ಸಾಬ್ರ ಅಂಗಡಿ. ಮಕ್ಕಳ ಸಾಮಾನು ಬಿಟ್ರೆ ಅಲ್ಲಿ ಬೇರೆ ಏನೂ ಸಿಗ್ತಿರ್ಲಿಲ್ಲ. ಬೀಡಿ ಕೇಳಿದ್ರೂ ಇಲ್ಲ, ಬೆಲ್ಲ ಕೇಳಿದ್ರೂ ಇಲ್ಲ. ಹಾಲಿನ ಬಾಟ್ಲಿ, ರಬ್ಬರ್ ಶೀಟು, ಕೊಡೆ ಥರ ಬಿಚ್ಚೋ ಸೊಳ್ಳೆಪರದೆ, ಗಿಲಕಿ, ಉಡಿದಾರ, ಸ್ವೆಟರು, ತಲೆಗೆ ಹಾಕೋ ಕುಲಾವಿ. ಮಕ್ಕಳನ್ನ ನಿಲ್ಸಿ ನಡೆಸೋ ಚಕ್ರದ ವಾಕರ್ ಒಂದೆರಡು ಮೇಲೆ ನೇತಾಡ್ತಿದ್ವು.

ಸಾಬ್ರು ಯಾವ ಸಾಮಾನನ್ನೂ ಸುಮ್ನೆ ತರ್ತಿರ್ಲಿಲ್ಲ. ಗಿಲಕಿ ತಂದ್ರೆ ಮೊದಲು ತಾವೇ ಕಚ್ಚಿ ನೋಡೋರು, ಬಣ್ಣ ಬಿಡುತ್ತಾ ಅಂತ. ಬಾಟ್ಲಿ ನಿಪ್ಪಲ್ ಎಳೆದು, ಮೂಸಿ ನೋಡೋರು. ಸ್ವೆಟರನ್ನ ಒಳಮೈ ಹೊರಗೆ ಮಾಡಿ ತಮ್ಮ ಕುತ್ತಿಗೆಗೆ ಉಜ್ಜಿಕೊಳ್ಳೋರು. ಚುಚ್ಚಿದ್ರೆ ವಾಪಸ್ಸು.

ಮಾರೋದೂ ಹಾಗೇ. ವಾಕರ್ ಕೇಳಿದ್ರೆ, "ಮನೆ ಬಾಗ್ಲಲ್ಲಿ ಮೆಟ್ಲು ಇದೆಯಾ? ಕಾಫಿ ಒಣಗಿಸೋ ಕಣ ಎಷ್ಟು ಕೆಳಗಿದೆ?" ಅಂತ ಕೇಳೋರು. ಇದೆ ಅಂದ್ರೆ ಕೊಡ್ತಿರ್ಲಿಲ್ಲ. ಬಾಟ್ಲಿ ಕೇಳಿದ್ರೆ, "ತಾಯಿ ಹಾಲು ಇದೆಯಲ್ಲ, ಇದು ಯಾಕೆ?" ಅನ್ನೋರು.

"ಸಾಬ್ರ ಅಂಗಡೀಲಿ ಒಂದು ಬಾಟ್ಲಿ ತಗೊಳ್ಳೋದಕ್ಕಿಂತ ಹೆಣ್ಣು ಕೇಳೋಕೆ ಹೋಗೋದು ಸುಲಭ ಮಾರಾಯ," ಅಂತ ಜೀಪು ಡ್ರೈವರ್ ಅಹಮದ್ ನಗೋನು.

ತೊಂಬತ್ತಾರನೇ ಇಸವಿ. ಮಳೆ ಹೋಗಿ ತಿಂಗಳಾಗಿತ್ತು, ಚಳಿ ಬಿದ್ದಿತ್ತು, ಕಾಫಿ ಹಣ್ಣು ಕುಯ್ಯೋಕೆ ಆಳುಗಳು ಬರ್ತಾ ಇದ್ರು. ಆಗ ಒಂದಿನ ಪಕ್ಕದೂರು ಜಾವಳಿಯ ರಂಗನಾಥ ಅಂಗಡಿಗೆ ಬಂದು ಸುಮ್ನೆ ನಿಂತ. ಚೂರು ಕಾಫಿ, ಚೂರು ಗದ್ದೆ ಇರೋ ಮನುಷ್ಯ. ಅವನ ಕಥೆ ಎಲ್ರಿಗೂ ಗೊತ್ತು. ಹುಟ್ಟಿದ ಎರಡು ಮಕ್ಕಳೂ ಹಲ್ಲು ಬರೋ ಮುಂಚೆ ಹೋಗಿದ್ವು. ಈಗ ಮೂರನೇದು, ಗಂಡು.

ಮಕ್ಕಳು ನಿಲ್ಲದ ಮನೇಲಿ ಹುಟ್ಟಿದ ಕೂಸಿಗೆ ಆ ಕಡೆ ಒಂದು ಪದ್ಧತಿ ಇದೆ. ಹೊಸದು ಏನೂ ತರಲ್ಲ. ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದ ಮನೆಗಳಿಂದ ಹಳೇ ಬಟ್ಟೆ ಬೇಡಿ ತಂದು ಹಾಕ್ತಾರೆ. ಚಂದದ ಹೆಸ್ರೂ ಇಡಲ್ಲ. ರಂಗನಾಥನ ಮಗೂನೂ ಎಲ್ರೂ ಗುಂಡ ಅಂತಾನೇ ಕರೀತಿದ್ರು. ರಂಗನಾಥನ ತಾಯಿ ತಿಮ್ಮಮ್ಮ ಇದನ್ನ ಬಿಗಿಯಾಗಿ ನಡೆಸ್ತಿದ್ರು.

"ಒಂದು ಕುಲಾವಿ ಬೇಕಿತ್ತು ಸಾಬ್ರೇ," ಅಂದ ರಂಗನಾಥ.

"ಅಮ್ಮಂಗೆ ಗೊತ್ತಾ?"

"ಹರಿದ ಬಟ್ಟೇಲಿ ನೋಡಿ ನೋಡಿ ಸಾಕಾಯ್ತು. ನನ್ನ ಮಗು ಭಿಕ್ಷೆ ಬೇಡೋರ ಮಗು ಥರ ಕಾಣುತ್ತೆ. ಯಾರ ಮಗೂಗೂ ಇಲ್ಲದ್ದು ಕೊಡಿ. ಒಂದೇ ಒಂದು ಇರೋ ಅಂಥದ್ದು."

ಸಾಬ್ರು ಅವನ ಮುಖ ನೋಡಿ ಒಂದು ಕೆಂಪು ಉಲ್ಲನ್ ಕುಲಾವಿ ತೆಗೆದ್ರು. ಚಳಿಗಾಲದಲ್ಲಿ ಚಿಕ್ಕಮಗಳೂರಿಗೆ ಬಂದು ಸ್ವೆಟರ್ ಮಾರೋ ಟಿಬೆಟಿನವರಿಂದ ತಂದದ್ದು. ನೆತ್ತಿ ಮೇಲೆ ಬಿಳಿ ಉಲ್ಲನ್ ಚೆಂಡು. ಆ ಚೆಂಡನ್ನ ಸಾಬ್ರ ಹೆಂಡ್ತಿ ರುಬೀನಾ ಹೊಲಿದಿದ್ಲು. ಅಂಥದ್ದು ಅದೊಂದೇ ಇತ್ತು.

ರಂಗನಾಥ ಅದನ್ನ ಅಂಗಿ ಒಳಗೆ ಇಟ್ಟುಕೊಂಡು ಹೋದ.

ಅದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ, ಮಂಜು ಇನ್ನೂ ಬಿಟ್ಟಿರ್ಲಿಲ್ಲ. ಎದುರಿನ ಜೀಪು ಕೂಡ ಕಾಣ್ತಿರ್ಲಿಲ್ಲ. ಸಾಬ್ರು ತಲೆ ಎತ್ತಿ ನೋಡಿದ್ರೆ ಅಂಗಡಿ ಮುಂದೆ ಒಬ್ಬ ಹೆಂಗಸು ನಿಂತಿದ್ಲು. ಬಂದ ಸದ್ದೇ ಆಗಿರ್ಲಿಲ್ಲ. ವಯಸ್ಸು ಎಷ್ಟು ಅಂತ ಹೇಳೋಕಾಗ್ತಿರ್ಲಿಲ್ಲ. ಎಲ್ಲೂ ಮಳೆ ಇಲ್ಲ, ಆದ್ರೂ ಅವಳ ಸೆರಗಿಂದ ನೀರು ತೊಟ್ಟಿಕ್ತಾ ಇತ್ತು.

"ಜಾವಳಿ ರಂಗನಾಥನ ಮಗೂಗೆ ಒಂದು ಕುಲಾವಿ ಕೊಟ್ರಲ್ಲ," ಅಂದ್ಲು. "ಅಂಥದ್ದು ಇನ್ನೊಂದಿದೆಯಾ?"

"ಇಲ್ಲಮ್ಮ. ಒಂದೇ ಇದ್ದಿದ್ದು. ಬೇರೆ ಬಣ್ಣ ತೋರಿಸ್ಲಾ?"

"ಬೇಡ. ಒಂದೇನಾ ಅಂತ ಕೇಳಿಕೊಂಡು ಹೋಗೋಕೆ ಬಂದೆ."

ಆಮೇಲೆ ಬಲಗೈ ಬೊಗಸೆ ಮಾಡಿ ಗಾಳೀಲಿ ಹಿಡಿದ್ಲು. "ತಲೆ ಇಷ್ಟಾಗಿದೆಯಾ?"

"ನಾನು ಮಗೂನ ನೋಡಿಲ್ಲಮ್ಮ. ನಿಮಗೆ ಅವರು ಏನಾಗ್ಬೇಕು?"

ಅವಳು ಮುಂದೆ ಇಟ್ಟಿದ್ದ ಒಂದು ಗಿಲಕಿ ಎತ್ತಿಕೊಂಡು ಅಲ್ಲಾಡಿಸಿದ್ಲು. ಜೋರಾಗಿ ಅಲ್ಲಾಡಿಸಿದ್ಲು. ಸದ್ದು ಬರ್ಲಿಲ್ಲ. ಗಿಲಕಿ ಇಟ್ಟು ಮಂಜಿನೊಳಗೆ ಹೋದ್ಲು. ಅವಳು ಹೋದ್ಮೇಲೆ ಸಾಬ್ರು ಅದನ್ನ ಎತ್ತಿದ್ರು. ಗಲಗಲ ಅಂತು. ಕೆಟ್ಟಿರ್ಲಿಲ್ಲ. ಅಂಗಡಿ ಮುಂದಿನ ಕಲ್ಲಿನ ಮೇಲೆ ನೀರು ಬಿದ್ದ ಗುರುತಿತ್ತು. ಹೆಜ್ಜೆ ಗುರುತಿರ್ಲಿಲ್ಲ.

ಯಾರ ಹತ್ರಾನೂ ಅವರು ಹೇಳ್ಲಿಲ್ಲ. ಹೇಳೋಕೆ ನಾಚಿಕೆ ಆಯ್ತು.

ಮುಂದಿನ ವಾರ ಅಹಮದನ ಜೀಪಲ್ಲಿ ತಿಮ್ಮಮ್ಮ ಬಂದು ಇಳಿದ್ರು. ಕೈಲಿ ಒಂದು ಬಟ್ಟೆ ಗಂಟು. ಬಿಚ್ಚಿ ಕೆಂಪು ಕುಲಾವೀನ ಗಲ್ಲಾಪೆಟ್ಟಿಗೆ ಮೇಲೆ ಇಟ್ರು.

"ಏನ್ ಸಮೀ, ಊರೋರ ಮನೆ ಮೆಟ್ಲೆಲ್ಲ ಕೇಳ್ತೀಯ. ನಮ್ಮ ಮನೇಲಿ ಏನು ನಡೀತು ಅಂತ ಕೇಳಬೇಕು ಅನ್ನಿಸ್ಲಿಲ್ವಾ ನಿಂಗೆ?"

"ತಪ್ಪಾಯ್ತಮ್ಮ. ಏನಾಯ್ತು?"

"ಎಂತ ಆಗೋದು. ಜ್ವರ. ಬಿಡುತ್ತೆ, ಬರುತ್ತೆ. ಹಾಲು ಕುಡೀತಿಲ್ಲ. ಬಾಗ್ಲ ಕಡೆ ನೋಡಿ ನಗುತ್ತೆ ಕಣೋ. ಅಲ್ಲಿ ಯಾರೂ ಇರಲ್ಲ." ತಿಮ್ಮಮ್ಮ ದನಿ ಸಣ್ಣದಾಯ್ತು. "ನಿಜ ಹೇಳು. ಒಬ್ಬಳು ಬಂದು ಕೇಳಿದ್ಲಾ?"

ಸಾಬ್ರು ಹೌದು ಅಂತ ತಲೆ ಆಡಿಸಿದ್ರು.

ತಿಮ್ಮಮ್ಮ ಅಲ್ಲೇ ಕಟ್ಟೆ ಮೇಲೆ ಕೂತ್ರು. "ದೊಡ್ಡೋನಿಗೆ ಬೆಳ್ಳಿ ಕಡಗ ಮಾಡಿಸಿದ್ವಿ, ಗೆಜ್ಜೆ ಬದಲು ಮೀನು ತೂಗಾಡೋದು. ಆಚಾರಿ ಹತ್ರ ಒಬ್ಬಳು ಹೋಗಿ, ಇಂಥದ್ದು ಇನ್ನೊಂದಿದೆಯಾ ಅಂತ ಕೇಳಿದ್ಲಂತೆ. ಎರಡನೇದು ಹೆಣ್ಣು. ಮಲ್ಲಂದೂರಿನ ನೆಂಟ್ರು ಜರಿ ಲಂಗ ಹೊಲಿಸಿ ಕೊಟ್ರು. ಟೈಲರ್ ಹತ್ರಾನೂ ಹೋಗಿದ್ಲು. ಎರಡೂ ಸಲ ನಮಗೆ ಆಮೇಲೆ ಗೊತ್ತಾಯ್ತು. ನಾನು ಹೊಸದು ಬೇಡ ಅಂದದ್ದು ಹಟಕ್ಕಲ್ಲ ಸಮೀ. ಗುರುತು ಕೊಡಬಾರ್ದು ಅಂತ."

"ಡಾಕ್ಟ್ರಿಗೆ ತೋರಿಸಿದ್ರಾ?"

"ಮೂಡಿಗೆರೆಗೆ ಓಡಾಡ್ತಾನೇ ಇದಾರೆ. ಸೂಜಿ ಕೊಡ್ತಾರೆ. ಈ ಕುಲಾವಿ ನಂಗೆ ಬೇಡ. ಸುಡೋಕೂ ಭಯ. ನೀನೇ ಇಟ್ಕೋ."

ಅಂಗಡಿ ಹಿಂದೇನೇ ಸಾಬ್ರ ಮನೆ. ರುಬೀನಾ ಬಾಗ್ಲ ಹಿಂದೆ ನಿಂತು ಎಲ್ಲಾ ಕೇಳಿದ್ಲು. ಅವಳ ಸೊಂಟದ ಮೇಲೆ ಅವರ ಕೊನೇ ಮಗಳು ಆಯಿಷಾ. ಗುಂಡನಷ್ಟೇ ವಯಸ್ಸಿನ ಮಗು.

"ಅದನ್ನ ಮನೇಲಿ ಇಡ್ತೀರಾ?" ಅಂತ ಮೊದಲು ಸಿಟ್ಟು ಮಾಡಿದ್ಲು. "ಅವಳು ಹುಡುಕಿಕೊಂಡು ಇಲ್ಲಿಗೇ ಬಂದ್ರೆ?"

ಆಮೇಲೆ ರುಬೀನಾ ಕುಲಾವೀನ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ್ಲು. ತಾನೇ ಹೊಲಿದ ಚೆಂಡು.

"ಅವಳು ಬಂದು ನಿಮ್ಮನ್ನ ಏನು ಕೇಳಿದ್ಲು?"

"ಇನ್ನೊಂದಿದೆಯಾ ಅಂತ."

"ಮೂರು ಸಲಾನೂ ಅದನ್ನೇ ಕೇಳಿದಾಳೆ. ಹೊಸದಾ ಅಂತ ಕೇಳಿಲ್ಲ." ರುಬೀನಾ ಚೆಂಡನ್ನ ಬೆರಳಲ್ಲಿ ತಿರುವಿದ್ಲು. "ಇನ್ನೊಂದಿದ್ರೆ? ಹತ್ತಿದ್ರೆ? ಬೀದಿ ತುಂಬ ಇದ್ರೆ?"

ಸಾಬ್ರು ಅವತ್ತೇ ಚಿಕ್ಕಮಗಳೂರು ಬಸ್ಸು ಹತ್ತಿದ್ರು. ಟಿಬೆಟಿನವರ ಹತ್ರ ಇದ್ದ ಕೆಂಪು ಕುಲಾವಿ ಎಲ್ಲಾ ಮೂಟೆ ಕಟ್ಟಿಸಿ ತಂದ್ರು. ರುಬೀನಾ ಕೂತು ಒಂದೊಂದಕ್ಕೂ ಬಿಳಿ ಚೆಂಡು ಹೊಲಿದ್ಲು. ಹೊಲಿದ ಮೊದಲನೇದನ್ನ ಎತ್ತಿ ಆಯಿಷಾ ತಲೆಗೆ ಹಾಕಿದ್ಲು. ಸಾಬ್ರು ಕೈ ಅಡ್ಡ ಹಿಡಿದ್ರು.

"ಬೇರೆಯೋರ ಮಕ್ಕಳಿಗೆ ಹಾಕಿಸೋದಾದ್ರೆ ನಮ್ಮದಕ್ಕೆ ಮೊದಲು," ಅಂದ್ಲು ರುಬೀನಾ. ಅವರ ಕೈ ಸರಿಸಿ ಲಾಡಿ ಕಟ್ಟಿದ್ಲು.

ಸಾಬ್ರು ಸುಳ್ಳು ಹೇಳಿ ಕೊಡ್ಲಿಲ್ಲ. ಹಣ್ಣು ಕುಯ್ಯೋಕೆ ಬಂದ ಹೆಂಗಸರನ್ನ ನಿಲ್ಸಿ, ಜಾವಳಿ ಮಗು ವಿಷ್ಯ ಪೂರ್ತಿ ಹೇಳಿ, ಬೇಕಾದ್ರೆ ತಗೊಳ್ಳಿ, ಬೇಡದಿದ್ರೆ ಬಿಡಿ ಅಂದ್ರು. ಯಾರೂ ಮುಂದೆ ಬರ್ಲಿಲ್ಲ. ಆಮೇಲೆ ಎಸ್ಟೇಟಿನ ಕೂಲಿ ಲೈನಿನ ನಂಜಮ್ಮ ಕೈ ಚಾಚಿದ್ಲು. ಅವಳ ಮಡಿಲಲ್ಲಿ ಅವಳಿ ಮಕ್ಕಳು.

"ಒಂದು ಮಗೂಗೆ ಆದ್ರೆ ಹೆದರಿಕೆ. ಎಲ್ಲಕ್ಕೂ ಇದ್ರೆ ಎಂತ ಹೆದರಿಕೆ? ಎರಡು ಕೊಡಿ ಸಾಬ್ರೇ."

ಆಮೇಲೆ ಎಲ್ರೂ ತಗೊಂಡ್ರು. ಕುಲಾವಿ ಹಾಕಿದ ಮಕ್ಕಳನ್ನ ಗಿಡದ ನೆರಳಲ್ಲಿ ಮಲಗಿಸಿ ಕೆಲಸಕ್ಕೆ ಹೋದ್ರು. "ಹಣ್ಣು ಯಾವ್ದು, ಮಕ್ಕಳು ಯಾವ್ದು ಅಂತ ಗೊತ್ತಾಗ್ತಿಲ್ವಲ್ಲ ಮಾರಾಯ್ರೆ," ಅಂತ ಎಸ್ಟೇಟ್ ಮೇಸ್ತ್ರಿ ಗೊಣಗಿದ. ತಿಮ್ಮಮ್ಮ ಕೊಟ್ಟು ಹೋಗಿದ್ದ ಕುಲಾವೀನ ಅಹಮದ್ ಕೈಲಿ ಜಾವಳಿಗೆ ವಾಪಸ್ ಕಳಿಸಿದ್ರು. ಇದನ್ನೇ ಹಾಕಿ, ತೆಗೀಬೇಡಿ ಅಂತ ಹೇಳಿ ಕಳಿಸಿದ್ರು.

ಒಂದು ಶುಕ್ರವಾರ ಮಧ್ಯಾಹ್ನ. ಬಿಸಿಲು ಇದ್ದದ್ದು ಹೋಗಿ ಒಂದೇ ಸಲಕ್ಕೆ ಮಂಜು ಇಳೀತು. ಆಯಿಷಾ ಅಂಗಡಿ ಒಳಗೆ ಚಾಪೆ ಮೇಲೆ ಕೂತು ಆಡ್ತಿತ್ತು. ಸಾಬ್ರು ನೋಡೋ ಹೊತ್ತಿಗೆ ಆ ಹೆಂಗಸು ಒಳಗೇ ಬಂದಿದ್ಲು. ಚಾಪೆ ಹತ್ರ ಬಗ್ಗಿದ್ಲು. ಸೆರಗಿನ ನೀರು ಮಗು ಕಾಲ ಮೇಲೆ ಬಿತ್ತು.

"ಸಿಕ್ತು," ಅಂದ್ಲು.

ರುಬೀನಾ ಒಳಗಿಂದ ಬಂದು ಮಗೂನ ಎತ್ತಿಕೊಳ್ಳೋಕೆ ಹೋಗಿ ಅರ್ಧದಲ್ಲೇ ನಿಂತ್ಲು.

ಅಷ್ಟೊತ್ತಿಗೆ ಹೊರಗೆ ಅಹಮದನ ಜೀಪು ನಿಂತಿತು. ಮೂಡಿಗೆರೆ ಸಂತೆಯಿಂದ ಬಂದದ್ದು, ಒಳಗೆ ಕಾಲಿಡೋಕೆ ಜಾಗ ಇಲ್ಲ. ಹೆಂಗಸರು ಮಕ್ಕಳನ್ನ ಎತ್ತಿಕೊಂಡು ಒಬ್ಬೊಬ್ಬರೇ ಇಳಿದ್ರು. ಎಲ್ಲಾ ಮಕ್ಕಳ ತಲೇಲೂ ಕೆಂಪು ಕುಲಾವಿ, ಬಿಳಿ ಚೆಂಡು. ಕೊನೇಲಿ ಡಾಕ್ಟ್ರ ಹತ್ರದಿಂದ ಬಂದ ರಂಗನಾಥ ಇಳಿದ. ಅವನ ಹೆಂಡ್ತಿ ಸರ್ವಮಂಗಳಾ ಇಳಿದ್ಲು, ಎದೆಗೆ ಒತ್ತಿಕೊಂಡ ಗುಂಡ.

ಸಾಬ್ರು ಬೇಕಂತಲೇ ಗುಂಡನ ಕಡೆ ನೋಡ್ಲಿಲ್ಲ.

ಆ ಹೆಂಗಸು ಎದ್ದು ಹೊರಗೆ ಬಂದ್ಲು. ಒಂದು ಮಗು ಮುಂದೆ ನಿಂತ್ಲು, ಇನ್ನೊಂದರ ಮುಂದೆ ನಿಂತ್ಲು. ನಂಜಮ್ಮನ ಅವಳಿಗಳ ಮುಂದೆ ತುಂಬ ಹೊತ್ತು ನಿಂತ್ಲು. ಹೆಂಗಸರಿಗೆ ಯಾರು ಅಂತ ಗೊತ್ತಾಗಿಹೋಗಿತ್ತು. ಯಾರೂ ಕಿರುಚಲಿಲ್ಲ, ಓಡ್ಲಿಲ್ಲ. ಸರ್ವಮಂಗಳಾಳ ಮುಂದೆ ಬಂದಾಗ ಆ ಹೆಂಗಸಿನ ಕೈ ಮೇಲೆದ್ದಿತು. ಸರ್ವಮಂಗಳಾ ಕಣ್ಣು ಮುಚ್ಚಿದ್ಲು. ಕೈ ಹಾಗೇ ಗಾಳೀಲಿ ನಿಂತು, ಕೆಳಗಿಳೀತು.

"ಎಲ್ಲಾ ಒಂದೇ ಥರ ಇದಾವಲ್ಲ," ಅಂದ್ಲು. ಸಿಟ್ಟಿರ್ಲಿಲ್ಲ. ಸಂತೇಲಿ ಜೊತೆಯೋರನ್ನ ಕಳಕೊಂಡೋಳ ದನಿ.

ಕಳಸದ ರಸ್ತೆ ಹಿಡಿದು ನಡೆದ್ಲು. ತಿರುವು ದಾಟಿ ಮಂಜಲ್ಲಿ ಕಾಣದೇ ಹೋದ್ಲು. ಆದ್ರೂ ಅಷ್ಟೂ ಮಕ್ಕಳು ಆ ತಿರುವಿನ ಕಡೆ ಕತ್ತು ತಿರುಗಿಸಿ ನೋಡ್ತಾನೇ ಇದ್ವು. ಯಾರನ್ನೋ ಕಳಿಸಿಕೊಡೋ ಹಾಗೆ ಒಂದೇ ಸಮ ನೋಡ್ತಿದ್ವು. ಆಮೇಲೆ ಒಂದು ಅತ್ತಿತು. ಅದು ಗುಂಡ. ಅವನ ಹಿಂದೆ ಎಲ್ಲಾ ಅತ್ವು.

ಸರ್ವಮಂಗಳಾ ಅಂಗಡಿ ಬೆಂಚಿನ ಮೇಲೇ ಕೂತು ಸೆರಗು ಮುಚ್ಚಿ ಹಾಲು ಕೊಟ್ಲು. ಮಗು ಚೀಪೋ ಸದ್ದು ಹೊರಗಿದ್ದ ಗಂಡಸರಿಗೂ ಕೇಳ್ತು. ರಂಗನಾಥ ಜೀಪಿನ ಬಾನೆಟ್ ಮೇಲೆ ತಲೆ ಇಟ್ಟು ನಿಂತಿದ್ದ. ಹಣೆ ಮುಟ್ಟಿ ನೋಡಿದ್ರೆ ಮಗು ತಣ್ಣಗಿತ್ತು, ಬೆವತಿತ್ತು. ಡಾಕ್ಟ್ರ ಔಷಧಿನೂ ಹಿಡಿದಿರ್ಬೇಕು. ಆಮೇಲೆ ಆ ಮಗೂಗೆ ಆ ಜ್ವರ ಬರ್ಲೇ ಇಲ್ಲ.

ಜೀಪು ಹೋಯ್ತು. ರುಬೀನಾ ಆಯಿಷಾಳ ಒದ್ದೆ ಕಾಲು ಒರೆಸ್ತಾ ಕೇಳಿದ್ಲು.

"ಯಾವ ಕಡೆ ಹೋದ್ಲು?"

"ಕಳಸದ ಕಡೆ."

ರುಬೀನಾ ಮಗೂನ ಎತ್ತಿಕೊಂಡು, "ಅಲ್ಲೂ ಮಗೂಗೆ ಒಂದೇ ಒಂದು ಇರೋ ಅಂಥದ್ದು ಹಾಕಿರೋ ಮನೆಗಳಿರ್ತಾವಲ್ಲ," ಅಂದ್ಲು.

ಸಾಬ್ರು ಎದ್ದು ಉಳಿದಿದ್ದ ಕುಲಾವಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದ್ರು. ಅಂಗಡಿ ಹಲಗೆ ಹಾಕಿದ್ರು. ಕಳಸದ ಬಸ್ಸಿಗೆ ಕೈ ತೋರಿಸ್ತಾ ರಸ್ತೆ ಮೇಲೆ ನಿಂತ್ರು.