ಗೆರೆಯಿಲ್ಲದ ಹೆಬ್ಬೆರಳು

ದೆಹಲಿಯ ಜನಕಪುರಿಯ ನಮ್ಮ ಶಾಲೆಗೆ ಪ್ರತಿ ಬೇಸಿಗೆ ರಜೆಯಲ್ಲಿ ಸುಣ್ಣ ಬಳಿಯುತ್ತಿದ್ದ ಗುತ್ತಿಗೆದಾರರೊಬ್ಬರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಳಿದ ಗೋಡೆಗೆಲ್ಲ ಹೆಬ್ಬೆರಳು ಒತ್ತಿ ನೋಡುತ್ತ, ಇನ್ನೂ ಹಸಿಯಿದ್ದರೆ “ಅಭೀ ಗೀಲಾ ಹೈ” ಎಂದು ಗೊಣಗುತ್ತಿದ್ದರು.

ಒಂದು ವರ್ಷ ಹೊಸ ನಿಯಮ ಬಂತು. ಮಕ್ಕಳಿರುವ ಕಡೆ ಕೆಲಸ ಮಾಡುವವರ ಬೆರಳಚ್ಚು ಪೊಲೀಸ್ ಠಾಣೆಗೆ ಹೋಗಬೇಕು. ಅಚ್ಚು ತೆಗೆಯುವ ಕೆಲಸ ಗುಮಾಸ್ತನಾದ ನನ್ನ ತಲೆಗೆ ಬಿತ್ತು. ಸುಣ್ಣವೇ ತಿಂದುಹಾಕಿದ್ದ ಆ ಗುತ್ತಿಗೆದಾರರ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಮೂರು ಫಾರಂ ಕೆಡಿಸಿದೆವು. ಹತ್ತು ಬೆರಳಿಗೂ ಬರೀ ಕಪ್ಪು ಮಚ್ಚೆ. ಠಾಣೆಯವರು ಒಪ್ಪಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಅವರ ಅಚ್ಚು ಚೆನ್ನಾಗಿ ಮೂಡಿತ್ತು.

ಶಾಲೆ ತೆರೆದ ದಿನ ಹಳೆಯ ಗುತ್ತಿಗೆದಾರರು ಶಾಲೆಯಲ್ಲೇ ಉಳಿದಿದ್ದ ತಮ್ಮ ಏಣಿ ಒಯ್ಯಲು ಬಂದರು. ಒಂದನೇ ತರಗತಿಯ ಮಕ್ಕಳು ಕೋಣೆಯ ಹೊರಗೆ ಸಾಲಾಗಿ ನಿಂತಿದ್ದರು. ಹೋಗುತ್ತ ಹೋಗುತ್ತ ಅವರು ಬಾಗಿಲಲ್ಲಿ ನಿಂತು ಆ ಕೋಣೆಯ ಒಳಗೋಡೆಗೆ ಹೆಬ್ಬೆರಳು ಒತ್ತಿದರು.

“ಅಭೀ ಗೀಲಾ ಹೈ, ಬಾಬೂಜಿ. ಮಕ್ಕಳನ್ನು ಒಳಗೆ ಬಿಡಬೇಡಿ. ಗೋಡೆ ಮುಟ್ಟಿದ ಕೈಯಲ್ಲೇ ಕಣ್ಣು ಉಜ್ಜಿಕೊಳ್ಳುತ್ತಾರೆ.”

ನಾನು ಓಡಿ ಬಾಗಿಲು ಎಳೆದುಕೊಂಡೆ. ಗೇಟಿನ ಕಾವಲುಗಾರ ಅವರ ಬೆನ್ನ ಹಿಂದೆಯೇ ನಿಂತಿದ್ದ. ಮಕ್ಕಳಿರುವಾಗ, ಅಚ್ಚು ಮೂಡದ ಅವರನ್ನು ಒಂಟಿಯಾಗಿ ಒಳಗೆ ಬಿಡಬಾರದೆಂದು ಅವನಿಗೆ ಬರೆದುಕೊಟ್ಟವನು ನಾನೇ.