ತೀರಿಕೊಂಡವರು ಒಪ್ಪಿದ್ದು ಯಾವಾಗ?

ಹೋದ ವಾರ, ಸೋಮವಾರ ಹನ್ನೊಂದೂವರೆಗೆ, ಹೊನ್ನಾಳಿಯಲ್ಲಿ ನಾನೊಂದು ಸುಳ್ಳು ಸಾಕ್ಷಿಗೆ ಸಹಿ ಹಾಕುವುದರಲ್ಲಿದ್ದೆ.

ಪೆನ್ನು ಕೈಯಲ್ಲಿತ್ತು. ನನ್ನ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಆಗಲೇ ಟೈಪ್ ಆಗಿತ್ತು. ಸಹಿಯೊಂದು ಬಾಕಿ. ಹಾಕಲಿಲ್ಲ. (ನಾನು ಬಹಳ ಪ್ರಾಮಾಣಿಕ ಎಂದುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತವರು ನಿಧಾನವಾಗಿ ಓದುತ್ತಿದ್ದರು. ಅವರು ಮುಗಿಸಲಿ ಎಂದು ಕಾದೆ, ಅಷ್ಟೇ.)

ಪಕ್ಕದಲ್ಲಿ ಕುಳಿತವರು ದಾದಾಪೀರ್. ನ್ಯಾಮತಿ ಬಸ್ ಸ್ಟ್ಯಾಂಡ್ ಹತ್ತಿರ ಬೈಕ್ ಸೀಟಿಗೆ ಕವರ್, ಟ್ರ್ಯಾಕ್ಟರ್ ಟ್ರೇಲರಿಗೆ ಟಾರ್ಪಾಲು ಹೊಲಿಯುವವರು. ಹದಿನೆಂಟು ವರ್ಷದಿಂದ ಒಂದೇ ಬಾಡಿಗೆ ಅಂಗಡಿ, ಒಬ್ಬರೇ ಮಾಲೀಕರು. ಆ ಮಾಲೀಕರು, ರುದ್ರಪ್ಪನವರು, ಹೋದ ವರ್ಷ ತಾವಾಗಿಯೇ ಅಂಗಡಿಗೆ ಬಂದು, "ಈ ಜಾಗ ನೀನೇ ತಗಂಬಿಡೋ ದಾದಾಪೀರ" ಎಂದರು. ತಾಲ್ಲೂಕು ಕೇಂದ್ರವಾದ ಮೇಲೆ ನ್ಯಾಮತಿಯಲ್ಲಿ ಬಸ್ ಸ್ಟ್ಯಾಂಡಿನ ಆಸುಪಾಸು ಒಂದು ಮೊಳ ಜಾಗಕ್ಕೂ ಎಷ್ಟು ಜನ ಗಿರಾಕಿ ಎಂದು ನಿಮಗೆ ಗೊತ್ತು. ಹೆಚ್ಚು ಕೊಡುವವರು ಮನೆ ಬಾಗಿಲಿಗೇ ಬಂದಿದ್ದರು. ರುದ್ರಪ್ಪ ಅವರಿಗೆಲ್ಲ ಚಹಾ ಕೊಟ್ಟು ಕಳಿಸಿದರು.

ಕ್ರಯಪತ್ರಕ್ಕೆ ಸಾಕ್ಷಿಯಾಗಲು ನನ್ನನ್ನು ಕರೆದರು. ನಾನು ಮೊದಲು ಕೇಳಿದ್ದು, "ಕರಾರು ಬರೆಸಿದ್ದೀರಾ?"

ಇಬ್ಬರೂ ನಕ್ಕರು. "ಹದಿನೆಂಟು ವರ್ಷ ಬಾಡಿಗೆಗೇ ಒಂದು ಚೀಟಿ ಬರ್ದಿಲ್ರಿ. ಈಗ ಯಾಕೆ?" ಎಂದರು ರುದ್ರಪ್ಪ. ಮುಂಗಡ ಕೊಡಲು ಹೋದರೆ ಅದನ್ನೂ ಮುಟ್ಟಲಿಲ್ಲ. "ನೋಂದಣಿ ದಿನ ಒಟ್ಟಿಗೇ ಕೊಡುವಂತೆ ಹೋಗೋ."

ನಮ್ಮ ಕಡೆ ಹೀಗೇ. ನಂಬಿಕೆ ಇದ್ದಲ್ಲಿ ಕಾಗದ ಕೇಳುವುದು ಅವಮಾನ. ನಾನೂ ಸುಮ್ಮನಾದೆ.

ಕರಡು ತಯಾರಾಯಿತು. ಕಂಪ್ಯೂಟರಿಗೆ ಏರಿತು. ದಾದಾಪೀರ್ ಮುದ್ರಾಂಕ ಶುಲ್ಕ ಕಟ್ಟಿದರು. ನೋಂದಣಿಗೆ ದಿನವೂ ಸಿಕ್ಕಿತು. ಆ ದಿನಕ್ಕೆ ಇನ್ನು ನಾಲ್ಕು ದಿನ ಇರುವಾಗ, ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದರು. ರುದ್ರಪ್ಪ ಇಲ್ಲ. ಮಣ್ಣಿಗೆ ದಾದಾಪೀರ್ ಹೋದರು, ನಾನೂ ಹೋದೆ. ಅಂಗಡಿಯ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಆಮೇಲೂ ಬಹಳ ದಿನ ಎತ್ತಲಿಲ್ಲ.

ಎತ್ತಿದವನು ನಾನೇ. ನೋಂದಣಿ ಆಗದೆ ಉಳಿದರೆ ಕಟ್ಟಿದ ಶುಲ್ಕವನ್ನು ವಾಪಸ್ ಕೇಳಬಹುದು, ಆದರೆ ಅದಕ್ಕೊಂದು ಗಡುವು ಇದೆ. ವಿಚಾರಿಸಿದೆ. ಗಡುವು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅದು ದಾಟಿದರೆ ಕಟ್ಟಿದ್ದು ಹೋಯಿತು. ಮುಂದೆ ವಾರಸುದಾರರಿಂದ ಅದೇ ಜಾಗ ಕೊಂಡರೆ ಮತ್ತೆ ಪೂರ್ತಿ ಕಟ್ಟಬೇಕು. "ನಡಿ ದಾದಾಪೀರ್, ಅರ್ಧ ದಿನದ ಕೆಲಸ" ಎಂದು ಬಸ್ ಹತ್ತಿಸಿದೆ. ಒಳ್ಳೆಯದೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ.

ಹೊನ್ನಾಳಿಯಲ್ಲಿ ಪತ್ರ ಬರೆಯುವ ರೇಣುಕಾ ಹತ್ತು ನಿಮಿಷದಲ್ಲಿ ಅರ್ಜಿ, ಪ್ರಮಾಣಪತ್ರ ಎರಡನ್ನೂ ಪ್ರಿಂಟ್ ತೆಗೆದರು. ದಾದಾಪೀರ್ ಬೆರಳಿಟ್ಟು ಸಾಲು ಸಾಲಾಗಿ ಓದತೊಡಗಿದರು. ಮೂರನೇ ಸಾಲಿಗೆ ಬೆರಳು ನಿಂತಿತು.

"ಉಭಯ ಪಕ್ಷದವರ ಒಪ್ಪಿಗೆಯ ಮೇರೆಗೆ ಸದರಿ ಕ್ರಯ ವ್ಯವಹಾರವು ರದ್ದಾಗಿರುತ್ತದೆ."

"ಅಕ್ಕಾರೆ, ಉಭಯ ಅಂದ್ರೆ ಇಬ್ರೂ ಅಂತ ಅಲ್ಲೇನ್ರಿ?"

"ಹೂಂ ರೀ. ಕೊಳ್ಳೋರು, ಮಾರೋರು."

"ಮಾರೋರು ತೀರ್ಕಂಡಾರಲ್ರಿ. ರುದ್ರಪ್ಪಣ್ಣ ಯಾವಾಗ ಒಪ್ಪಿದ್ರು?"

ರೇಣುಕಾ ಕೀಬೋರ್ಡಿನಿಂದ ಕೈ ತೆಗೆದರು. "ಎಲ್ರಿಗೂ ಇದೇ ಡ್ರಾಫ್ಟ್ ಹಾಕ್ತೀವಿ ಭಾಯ್. ಒಂದು ಫಾರ್ಮಾಲಿಟಿ."

ಆಗ ನನ್ನ ಕೈಯಲ್ಲಿದ್ದ ಹಾಳೆ ನೋಡಿಕೊಂಡೆ. ಆ ಸಾಲಿಗೆ ಸಾಕ್ಷಿ ನಾನು. ಅಂದರೆ, ಮಣ್ಣಿಗೆ ಹೋಗಿ ಬಂದ ನಾನೇ, ಆ ಮನುಷ್ಯ ತನ್ನ ಮಾತು ಹಿಂತೆಗೆದುಕೊಂಡಿದ್ದನ್ನು ಕಣ್ಣಾರೆ ಕಂಡೆ ಎಂದು ಬರೆದುಕೊಡಲಿದ್ದೆ. ಪೆನ್ನು ಮೇಜಿನ ಮೇಲಿಟ್ಟೆ. 

"ಸಾಲು ಬದಲಾಯಿಸಬಹುದಲ್ಲ?" ಎಂದೆ. "ಮಾರುವವರು ಮರಣ ಹೊಂದಿದ್ದರಿಂದ ನೋಂದಣಿ ಆಗಿಲ್ಲ ಅಂತ."

"ಅದನ್ನ ಹಾಕ್ತೀನಿ ಸರ್. ಆದ್ರೆ ಕೊನೆಗೆ, ಮುಂದೆ ಈ ವ್ಯವಹಾರ ನಡೆಯೋದಿಲ್ಲ ಅಂತ ಬರೀಲೇಬೇಕು. ನಡೆಯೋದಾದ್ರೆ ದುಡ್ಡು ಯಾಕೆ ವಾಪಸ್ ಅಂತಾರೆ." (ಇದು ನಿಯಮವೋ, ಮೇಜಿನಿಂದ ಮೇಜಿಗೆ ಬೆಳೆದ ರೂಢಿಯೋ, ನನಗೆ ಗೊತ್ತಿಲ್ಲ. ಅವರು ಹೇಳಿದ್ದನ್ನು ಹೇಳಿದ್ದೇನೆ.)

ದಾದಾಪೀರ್ ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಸರ್, ರುದ್ರಪ್ಪಣ್ಣ ನಂಗೆ ಜಾಗ ಕೊಡ್ತೀನಿ ಅಂದಿದ್ದಕ್ಕೆ ಬೇರೆ ಏನಾದ್ರೂ ಕಾಗದ ಐತಾ?"

ಇರಲಿಲ್ಲ. ಕರಾರಿಲ್ಲ. ಮುಂಗಡವಿಲ್ಲ. ಇದ್ದದ್ದು ಇಬ್ಬರ ಹೆಸರೂ ಇರುವ ಆ ಕರಡು, ಶುಲ್ಕ ಕಟ್ಟಿದ ಚಲನ್. ಅದು ರದ್ದು ಎಂದು ಅವರೇ ಪ್ರಮಾಣ ಮಾಡಿ ಬರೆದುಕೊಟ್ಟರೆ, ನಾಳೆ ಯಾರಾದರೂ "ನಿನಗೆ ಕೊಡುತ್ತೇವೆಂದು ಹೇಳಿದವರು ಯಾರು?" ಎಂದು ಕೇಳಿದಾಗ ಹೇಳಲು ಏನು ಉಳಿಯಿತು?

ಕೇಳುವವರು ಇದ್ದರೇ? ಅರ್ಜಿ ಹಾಕದೆ ಊರಿಗೆ ಮರಳಿ, ಸಂಜೆ ರುದ್ರಪ್ಪನವರ ಮನೆಗೆ ಹೋದಾಗ ಗೊತ್ತಾಯಿತು. ಜಾಗ ಈಗ ಅವರ ಹೆಂಡತಿ ಶಾಂತಮ್ಮ ಮತ್ತು ಇಬ್ಬರು ಹೆಣ್ಣುಮಕ್ಕಳದು. ಶಾಂತಮ್ಮ ಯಾವತ್ತೋ ಒಪ್ಪಿದ್ದರು. ಚನ್ನಗಿರಿಗೆ ಕೊಟ್ಟ ದೊಡ್ಡ ಮಗಳು ಫೋನಿನಲ್ಲೇ ಹೂಂ ಅಂದಿದ್ದಳು. ಜಗಳೂರಿಗೆ ಕೊಟ್ಟ ಚಿಕ್ಕವಳು, ಲತಾ, ಏನೂ ಹೇಳಿರಲಿಲ್ಲ. ಅವತ್ತು ಅವಳ ಗಂಡ ಅಲ್ಲೇ ಕುಳಿತಿದ್ದ.

"ಮೊದ್ಲು ದುಡ್ಡು ವಾಪಸ್ ತಗಳ್ರಿ ಸಾಬ್ರೇ" ಎಂದ ಅಳಿಯ, ಬಹಳ ಪ್ರೀತಿಯಿಂದ. "ನಿಮ್ದು ಯಾಕೆ ಲಾಸ್ ಆಗ್ಬೇಕು? ಜಾಗದ ಮಾತು ಆಮೇಲೆ ನೋಡಾಣ."

"ಆಮೇಲೆ ಅಂದ್ರೆ ಯಾವಾಗಪ್ಪಾ?" ಎಂದರು ಶಾಂತಮ್ಮ.

"ನೋಡಾಣ ಬಿಡ್ರಿ ಅತ್ತೆ."

ಶಾಂತಮ್ಮ ದಾದಾಪೀರ್ ಕಡೆ ತಿರುಗಿದರು. "ತಮ್ಮಾ, ಮೂವರೂ ಕೂತು ನಿಂಗೊಂದು ಕರಾರು ಬರ್ಕೊಡ್ತೀವಿ. ಅದು ಕೈಗೆ ಬಂದ ಮೇಲೆ ನಿನ್ನ ಅರ್ಜಿ ಹಾಕು. ಲತಾ ಬರಲಿ."

ಸರಿಯಾದ ದಾರಿ. ಅಂಗಡಿ, ಶುಲ್ಕ ಎರಡೂ ಉಳಿಯುತ್ತಿದ್ದವು. ಲತಾ ಶುಕ್ರವಾರದೊಳಗೆ ಬಂದರೆ ಸಾಕು.

ಮಂಗಳವಾರ ಬರಲಿಲ್ಲ. ಬುಧವಾರ ಮಗುವಿಗೆ ಜ್ವರ ಎಂದಳು. ಗುರುವಾರ ಫೋನ್ ಎತ್ತಲಿಲ್ಲ. ಶುಕ್ರವಾರ ಮಧ್ಯಾಹ್ನ ನಾನು ಅಂಗಡಿಗೆ ಹೋದೆ. ಈಗ ಹೊರಟರೂ ಕಚೇರಿ ಮುಚ್ಚುವುದರೊಳಗೆ ಹೊನ್ನಾಳಿ ಸೇರಬಹುದು ಎಂದೆ. ದಾದಾಪೀರ್ ಮಷಿನ್ ತುಳಿಯುತ್ತಲೇ ಇದ್ದರು.

"ಸಣ್ಣ ದುಡ್ಡಲ್ಲ ದಾದಾಪೀರ್."

"ನಾಕು ವರ್ಷ ಸೀಟ್ ಹೊಲ್ದಿದ್ದು ಸರ್. ನಂಗೊತ್ತಿಲ್ವಾ?" ದಾರ ಕಚ್ಚಿ ತುಂಡು ಮಾಡಿದರು. "ಹಾಕಿದ್ರೆ ಅಂಗಡಿ ಬಿಟ್ಟೆ ಅಂದಂಗೆ. ಮ್ಯಾಲೆ, ರುದ್ರಪ್ಪಣ್ಣನ ಮಾತು ನಾನೇ ಮುರ್ದಂಗೆ. ನೀವು ಚಾ ಕುಡೀರಿ."

ಕುಡಿದೆ. ಐದೂವರೆ ಆಯಿತು. ಆರಾಯಿತು.

ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಸೋಮವಾರವೇ ಸಹಿ ಹಾಕಿ, ಹಣ ಖಾತೆಗೆ ಬಂದ ಮೆಸೇಜ್ ನೋಡಿ, ಜಾಣನೆಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ನಾವು ಓದಿದವರು ಕಾಗದದಲ್ಲಿ ಮೊದಲು ಹುಡುಕುವುದು ಸಹಿ ಮಾಡುವ ಜಾಗ. ಮೇಲೆ ಬರೆದಿರುವುದು ನಮ್ಮದೇ ಮಾತೆಂದು ನಮಗೆ ಅನ್ನಿಸುವುದೇ ಇಲ್ಲ. "ಎಲ್ರಿಗೂ ಇದೇ ಡ್ರಾಫ್ಟ್" ಎಂದರೆ ಸಮಾಧಾನ. ಎಲ್ಲರೂ ಹೇಳುವ ಸುಳ್ಳಾದರೆ ಅದು ಸುಳ್ಳಲ್ಲವೇ?

ಭಾನುವಾರ ಲತಾ ಬಂದಳು. ಒಬ್ಬಳೇ. ಶಾಂತಮ್ಮ ಹೇಳಿ ಕಳಿಸಿದ್ದರಿಂದ ನಾನೂ ಹೋದೆ. ದಾದಾಪೀರ್ ಕರಡಿನ ಪ್ರಿಂಟ್ ತಂದಿದ್ದರು. ಕೊನೆಯ ಹಾಳೆಯಲ್ಲಿ, ಜಾಗದ ನಾಲ್ಕು ದಿಕ್ಕಿನ ವಿವರ ಇರುವಲ್ಲಿ, "ಪೂರ್ವಕ್ಕೆ ರಸ್ತೆ" ಎಂಬುದನ್ನು ಹೊಡೆದು, ರುದ್ರಪ್ಪ ಪೆನ್ಸಿಲ್‌ನಲ್ಲಿ "ಚರಂಡಿ, ಆಮೇಲೆ ರಸ್ತೆ" ಎಂದು ಬರೆದಿದ್ದರು. ಲತಾ ಆ ಅಕ್ಷರ ನೋಡಿದಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಒಯ್ದು ಮತ್ತೆ ನೋಡಿದಳು.

"ಅಪ್ಪಂದೇ" ಎಂದಳು. ಕರಾರಿಗೆ ಮೂವರ ಸಹಿಯೂ ಬಿತ್ತು.

ಅಂಗಡಿ ಉಳಿಯಿತು. ಶುಲ್ಕ ಹೋಯಿತು. ನಾನು ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ. "ಎರಡೇ ದಿನ ಮೊದಲು ಬಂದಿದ್ದರೆ ಅವರ ದುಡ್ಡೂ ಉಳೀತಿತ್ತಲ್ಲಮ್ಮಾ" ಎಂದೆ.

ಲತಾ ತಲೆ ತಗ್ಗಿಸಿದಳು. ದಾದಾಪೀರ್ ಕಡೆ ನೋಡದೆ ಹೇಳಿದಳು: "ನಮ್ಮನೇರು ಬ್ಯಾಡ ಅಂದ್ರು ರೀ. ಶುಕ್ರವಾರ ಹೋಗ್ಲಿ, ಸಾಬ್ರು ದುಡ್ಡು ವಾಪಸ್ ತಗಂತಾರೋ ಇಲ್ವೋ ನೋಡಾಣ, ತಗಂಡ್ರೆ ಜಾಗ ಬಿಟ್ಟಂಗೆ, ನೀನು ಹೋಗೋದೇ ಬ್ಯಾಡ ಅಂದ್ರು."

ದಾದಾಪೀರ್ ಕರಾರನ್ನು ಎರಡಾಗಿ ಮಡಚಿ ಅಂಗಿಯೊಳಗೆ ಇಟ್ಟುಕೊಂಡು, "ಮಗೀಗೆ ಜ್ವರ ಬಿಡ್ತೇನಮ್ಮಾ?" ಎಂದು ಕೇಳಿದರು.

ಸರ್ಕಾರ ಗಡುವು ಇಟ್ಟಿದ್ದು ಅರ್ಜಿಗೆ. ಅದರಲ್ಲಿ ಮನುಷ್ಯನನ್ನು ಕೂಡಿಹಾಕಿ ಕಾಯುವುದನ್ನು ನಮಗೆ ಕಲಿಸಿದವರು ಯಾರು?