ಹೆಸರಿಲ್ಲದ ಸ್ಲೈಡ್

ದೆವ್ವ ಕಂಡೆ, ಸತ್ತವರು ಕರೆದರು ಎಂದು ಯಾರಾದರೂ ಶುರುಮಾಡಿದರೆ ಮೆಲ್ಲಗೆ ಎದ್ದುಹೋಗುವ ಪೈಕಿ ನಾನು. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ನಾಚಿಕೆ. ನಂಬಿ ಎಂದು ಕೇಳುತ್ತಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಲ್ಯಾಬ್ ಟೆಕ್ನಿಷಿಯನ್ನರಿಗೆ ರಕ್ತದಲ್ಲಿ ಮಲೇರಿಯಾ ಗುರುತಿಸುವ ತರಬೇತಿ ಕೊಟ್ಟು ಪರೀಕ್ಷಿಸಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಪರೀಕ್ಷೆಗೆ ಒಯ್ಯುವ, ರಕ್ತ ಸವರಿದ ಗಾಜಿನ ಸ್ಲೈಡುಗಳು ಎಲ್ಲೆಲ್ಲಿಂದಲೋ ಬಂದ ಹಳೆಯ ರೋಗಿಗಳವು. ಹೆಸರು, ಊರು ಅಳಿಸಿ ಬರೀ ನಂಬರು ಹಾಕಿರುತ್ತೇವೆ. ಯಾರ ರಕ್ತವೆಂದು ನಮಗೂ ಗೊತ್ತಿರುವುದಿಲ್ಲ.

ಹನೂರು ಕಡೆಯ ಮಾದೇವಿ ಎಲ್ಲವನ್ನೂ ಚುರುಕಾಗಿ ನೋಡಿ ಉತ್ತರ ಬರೆದಳು. ಕೊನೆಯದನ್ನು ಮಾತ್ರ ಮೈಕ್ರೋಸ್ಕೋಪಿಗೆ ಇಡದೆ ಕೈಯಲ್ಲಿ ಹಿಡಿದು ಕೂತುಬಿಟ್ಟಳು.

“ಇದು ನಮ್ಮಣ್ಣಂದು ಸಾ.”

ಅವಳ ಅಣ್ಣ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ, ಜ್ವರ ಹೊತ್ತು ಬಂದು ತೀರಿಕೊಂಡಿದ್ದನಂತೆ. ಅಲ್ಲಿ ರಕ್ತ ತೆಗೆದಿದ್ದರೂ ರಿಪೋರ್ಟು ಮನೆಗೆ ಬರಲೇ ಇಲ್ಲ. ಹೆಂಡತಿಯೇ ಊಟದಲ್ಲಿ ಮದ್ದು ಹಾಕಿ ಕೊಂದಳೆಂದು ತಾಯಿ ಸೊಸೆಯನ್ನು ಹೊರಗಟ್ಟಿದ್ದರು.

ನಾನು ನಂಬಲಿಲ್ಲ. ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನಂಬರುಗಳ ಮೇಲೆ ಕಾಗದ ಅಂಟಿಸಿ ಸ್ಲೈಡುಗಳನ್ನು ಕಲೆಸಿಟ್ಟೆ. ನೋಡಲು ಎಲ್ಲ ಒಂದೇ ಥರ. ಅವಳು ಬಂದು ಬೆರಳಾಡಿಸಿ ಒಂದನ್ನು ಎತ್ತಿದಳು. ಕಾಗದ ಕಿತ್ತು ನೋಡಿದೆ, ಅದೇ. ಮತ್ತೆ ಕಾಗದ ಅಂಟಿಸಿ ಕಲೆಸಿದೆ. ಮತ್ತೆ ಅದೇ.

“ನಂಗೆ ನೋಡಕಾಯ್ತಿಲ್ಲ. ನೀವೇ ನೋಡೇಳಿ ಸಾ,” ಎಂದಳು.

ನೋಡಿದೆ. ಮಲೇರಿಯಾ ಇತ್ತು, ಜೀವ ತೆಗೆಯುವಷ್ಟು ಇತ್ತು.

ಮರುದಿನ ತಾಯಿಯನ್ನೇ ಕರೆತಂದಳು. “ಇದು ನನ್ ಮಗಂದೇಯಾ ಬುದ್ಧಿ?” ಎಂದು ಆಕೆ ಕೇಳಿದರು. ಹೌದೆನ್ನಲು ನನ್ನಲ್ಲಿ ಆಧಾರವಿರಲಿಲ್ಲ, ಅಲ್ಲವೆನ್ನಲು ಬಾಯಿ ಬರಲಿಲ್ಲ.

“ಹೆಸರಿಲ್ಲ ಅವ್ವ. ಯಾರದೇ ಆಗಲಿ, ಇದರಲ್ಲಿರೋದು ಮಲೇರಿಯಾ. ಯಾರೂ ಮದ್ದು ಹಾಕಿದ್ದಲ್ಲ,” ಎಂದೆ.

ಆಕೆ ಸ್ಲೈಡನ್ನು ಸೆರಗಿನಲ್ಲಿ ಹಿಡಿದುಕೊಂಡರು. ಆಮೇಲೆ ಮಗಳಿಂದ ಸೊಸೆಗೆ ಫೋನ್ ಮಾಡಿಸಿ, ನಡೆದದ್ದನ್ನೆಲ್ಲ ಹೇಳಿ, “ಮನೆಗ್ ಬಂದ್ಬುಡವ್ವ,” ಎಂದರು.

ಆ ಕಡೆಯ ದನಿ ನನಗೂ ಕೇಳಿಸಿತು. “ನಾನೇನೂ ಮಾಡ್ನಿಲ್ಲ ಅಂತ ಅವತ್ತು ಕಾಲ್ ಇಡ್ಕಂಡೆ, ನಂಬ್ನಿಲ್ಲ. ಈಗ ಗಾಜಿನ್ ಚೂರು ಯೋಳುದ್ರೆ ನಂಬುದ್ರಾ ಅತ್ತೆ?”

ಮಾದೇವಿಯ ಬೆರಳಿಗೆ ಅದು ಹೇಗೆ ತಿಳಿಯಿತೋ ಇವತ್ತಿಗೂ ನನಗೆ ಬಗೆಹರಿದಿಲ್ಲ. ಬಗೆಹರಿಯದಿದ್ದರೂ ಹೋಗಲಿ. ಆ ಹೆಣ್ಣುಮಗಳು ಮಾತ್ರ ಮನೆಗೆ ಬರಲಿಲ್ಲ.